ಹೈಪೇಶಿಯಾ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಏನು ಹೇಳೋದು? ಗಟ್ಟಿ ಸಾಕ್ಷಿ ಏನಿದೆ?

ಗಣಿತ ಮೇಡಂ, ಗೌರಿಬಿದನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಪ್ರತಿ ವರ್ಷ ಬೀರುವಿನಿಂದ ಅದೇ ಚಾರ್ಟುಗಳು ಹೊರಗೆ ಬರುತ್ತವೆ. ರಾಮನ್, ವಿಶ್ವೇಶ್ವರಯ್ಯ, ಕಲಾಂ. ಎಚ್. ನರಸಿಂಹಯ್ಯನವರ ಫೋಟೋ ಅಂತೂ ಇದ್ದೇ ಇರುತ್ತದೆ, ಅವರು ನಮ್ಮ ತಾಲ್ಲೂಕಿನ ಹೊಸೂರಿನವರಲ್ವಾ. ಈ ಸಲ ಒಬ್ಬ ಹೆಣ್ಣುಮಗಳ ಬಗ್ಗೆ ಮಾತಾಡೋಣ ಅಂತ ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಊರಿನ ಹೈಪೇಶಿಯಾ. ಗಣಿತ, ಖಗೋಳ, ತತ್ವಶಾಸ್ತ್ರ ಮೂರನ್ನೂ ಕಲಿಸುತ್ತಿದ್ದವಳು. ಗಂಡಸರೇ ತುಂಬಿದ ಸಭೆಯಲ್ಲಿ ಅಂಜದೆ ಮಾತಾಡಿದವಳು. ಕ್ರಿ.ಶ. 415ರಲ್ಲಿ ಒಂದು ಗುಂಪು ಅವಳನ್ನು ಕೊಂದಿತು.

ಒಂಬತ್ತನೇ ಕ್ಲಾಸಿನಲ್ಲಿ ಸುಮ್ನೆ ಒಂದು ಪೀಠಿಕೆ ಹಾಕಿದೆ. ಒಬ್ಬ ಹುಡುಗಿ ಕೇಳಿದಳು: "ಮಿಸ್, ಅವರು ಬರೆದಿರೋದು ಏನಾದರೂ ಉಳಿದಿದೆಯಾ?" ಅವಳದ್ದೇ ಅಂತ ಹೇಳುವಂಥದ್ದು ಯಾವುದೂ ಉಳಿದಿಲ್ಲಮ್ಮ ಅಂದೆ. "ಮತ್ತೆ ಅವರು ಅಷ್ಟು ಬುದ್ಧಿವಂತೆ ಅಂತ ಯಾರು ಹೇಳಿದ್ದು?" ಪಕ್ಕದವಳು "ಗೂಗಲ್ಲು" ಅಂದಳು. ಕ್ಲಾಸೆಲ್ಲ ನಕ್ಕಿತು, ಬೆಲ್ಲೂ ಹೊಡೆಯಿತು. ಆ ಹುಡುಗಿಗೆ ಉತ್ತರ ಇನ್ನೂ ಬಾಕಿ ಇದೆ.

ಸ್ಟಾಫ್ ರೂಮಿನಲ್ಲಿ ಬೇರೆ ತರದ ಪ್ರಶ್ನೆಗಳು. ಕನ್ನಡ ಮೇಷ್ಟ್ರು, "ನಮ್ಮ ಗಾರ್ಗಿ ಇರುವಾಗ ಗ್ರೀಕರ ಮನೆಗೆ ಯಾಕೆ ಹೋಗ್ತೀರಿ ಮೇಡಂ" ಅಂದರು. ಇನ್ನೊಬ್ಬರು, "ಚರ್ಚಿನವರು ಕೊಂದರು ಅಂತ ಹೇಳಿ ಯಾಕೆ ಮೈಮೇಲೆ ಎಳೆದುಕೊಳ್ತೀರಿ, ನಮ್ಮಲ್ಲಿ ಕ್ರೈಸ್ತ ಮಕ್ಕಳೂ ಇದ್ದಾರೆ" ಅಂದರು. ಎರಡನೆಯದು ತಳ್ಳಿಹಾಕುವ ಮಾತಲ್ಲ.

ಯೋಚನೆಯನ್ನೇ ಮಾಡದೆ ಇರುವುದಕ್ಕಿಂತ ತಪ್ಪಾಗಿ ಯೋಚಿಸಿದರೂ ಮೇಲು ಅಂತ ಹೈಪೇಶಿಯಾ ಹೇಳಿದ ಮಾತೊಂದು ಎಲ್ಲ ಕಡೆ ಓಡಾಡುತ್ತದೆ. ಅದನ್ನು ಥರ್ಮೋಕೋಲ್ ಮೇಲೆ ಬರೆಯೋಕೆ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟಿದ್ದೇನೆ. ಪಕ್ಕದಲ್ಲಿ ಅವಳ ಒಂದು ಚಿತ್ರ, ಪಕ್ಕಕ್ಕೆ ಮುಖ ತಿರುಗಿಸಿರೋದು. ನನಗೆ ಸಿಕ್ಕಿರೋದು ಹದಿನೈದು ನಿಮಿಷ. ತಿಳಿದವರು ಹೇಳಿ, ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ಹಳೇ ಪುಸ್ತಕದ ಹುಳ, ತುಮಕೂರು

ಮೇಡಂ, ಮೊದಲು ಡ್ರಾಯಿಂಗ್ ಮೇಷ್ಟ್ರಿಗೆ ಫೋನ್ ಮಾಡಿ ಬಣ್ಣ ನಿಲ್ಲಿಸಿ. ಆ ಮಾತು ಹೈಪೇಶಿಯಾದಲ್ಲ. ಅಮೆರಿಕದ ಎಲ್ಬರ್ಟ್ ಹಬ್ಬರ್ಡ್ ಅನ್ನುವವನು 1908ರಲ್ಲಿ ದೊಡ್ಡ ಗುರುಗಳ ಬಗ್ಗೆ ಲೇಖನ ಬರೆಯುತ್ತಾ ಅವಳ ಬಾಯಿಗೆ ಹಾಕಿದ ಮಾತು ಅದು. ನೀವು ಹೇಳುವ ಪಕ್ಕಕ್ಕೆ ತಿರುಗಿದ ಮುಖವೂ ಅದೇ ಪ್ರಕಟಣೆಗೆ ಬರೆಸಿದ ಚಿತ್ರ. ಅವಳನ್ನು ಕಂಡವರು ಬರೆದ ಚಿತ್ರ ಒಂದೂ ಇಲ್ಲ. ಚಿತ್ರಗಳಲ್ಲಿ ಇಪ್ಪತ್ತರ ಹುಡುಗಿ ಇರುತ್ತಾಳೆ, ಆದರೆ ಸಾಯುವಾಗ ಅವಳಿಗೆ ಅರವತ್ತರ ಹತ್ತಿರ ಅಂತ ವಾದಿಸುವ ಇತಿಹಾಸಕಾರರಿದ್ದಾರೆ. ಕೂದಲು ನರೆತ ಟೀಚರಮ್ಮನನ್ನು ಯಾರೂ ಪೋಸ್ಟರ್ ಮಾಡಲ್ಲ, ಅಷ್ಟೇ.

ಇನ್ನೊಂದು. ಅವಳ ಜೊತೆಗೇ ಅಲೆಕ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯ ಸುಟ್ಟುಹೋಯಿತು ಅಂತ ಹೇಳೋದು ಬೇಡ. ಆ ಗ್ರಂಥಾಲಯ ಅವಳು ಹುಟ್ಟುವ ಎಷ್ಟೋ ಕಾಲದ ಹಿಂದೆಯೇ ಕರಗಿಹೋಗಿತ್ತು. ಅವಳ ಕಾಲದಲ್ಲಿ, 391ರ ಸುಮಾರಿಗೆ ಒಡೆದದ್ದು ಸೆರಾಪಿಸ್ ದೇವರ ಗುಡಿ. ಅದೇ ಬೇರೆ ಕತೆ.

ಗ್ಯಾಲರಿ ಹುಡುಗ, ಶಿರಾ

ಮೇಡಂ ಇದು ಎಸ್ಸೆಸ್ಸೆಲ್ಸಿಗೆ ಬರುತ್ತಾ?

ಗಣಿತ ಮೇಡಂ, ಗೌರಿಬಿದನೂರು ತಾಲ್ಲೂಕು

ಬರಲ್ಲಪ್ಪ. ಆರಾಮಾಗಿ ಓದು.

ಮುಳಬಾಗಿಲಿನ ನಿವೃತ್ತ ಮೇಷ್ಟ್ರು

ನಿಮ್ಮ ಕನ್ನಡ ಮೇಷ್ಟ್ರ ಪ್ರಶ್ನೆಗೆ ನನ್ನ ಎರಡು ಮಾತು. ಗಾರ್ಗಿಯನ್ನು ಹೈಪೇಶಿಯಾಗೆ ಎದುರಾಳಿ ಮಾಡಬೇಡಿ, ಪಾಪ, ಇಬ್ಬರೂ ಒಂದೇ ಕೆಲಸ ಮಾಡಿದವರು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆ. ಗಾರ್ಗಿ ಎದ್ದು ಯಾಜ್ಞವಲ್ಕ್ಯನನ್ನು ಕೇಳುತ್ತಾಳೆ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ, ಸರಿ, ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಮೇಲೆ ಮೇಲೆ ಏರುತ್ತಾ ಬ್ರಹ್ಮಲೋಕದವರೆಗೆ ಹೋಗುತ್ತದೆ. ಅದು ಯಾವುದರಲ್ಲಿ ಅಂದಾಗ ಅವನು, ಅತಿಯಾಗಿ ಕೇಳಬೇಡ ಗಾರ್ಗಿ, ನಿನ್ನ ತಲೆ ಉದುರೀತು ಅನ್ನುತ್ತಾನೆ. ಅವಳು ಕೂರುತ್ತಾಳೆ.

ಸಾಮಾನ್ಯವಾಗಿ ಎಲ್ಲರೂ ಭಾಷಣ ಇಲ್ಲಿಗೆ ನಿಲ್ಲಿಸುತ್ತಾರೆ. ಒಂದು ಬ್ರಾಹ್ಮಣ, ಅಂದರೆ ಉಪನಿಷತ್ತಿನ ಒಂದು ಭಾಗ, ಬಿಟ್ಟು ಮುಂದಿನದಕ್ಕೆ ಬನ್ನಿ. ಅವಳು ಮತ್ತೆ ಏಳುತ್ತಾಳೆ. ಕಾಶಿಯ ವೀರನೋ ವಿದೇಹದ ವೀರನೋ ಬಿಲ್ಲಿಗೆ ಹೆದೆ ಏರಿಸಿ ಎರಡು ಬಾಣ ಹಿಡಿದು ಬಂದ ಹಾಗೆ ಎರಡು ಪ್ರಶ್ನೆ ತಂದಿದ್ದೇನೆ, ಉತ್ತರ ಹೇಳು ಅನ್ನುತ್ತಾಳೆ. ತಲೆ ಉದುರುತ್ತದೆ ಅಂದಮೇಲೂ ಬಂದಳು. ಈ ಸಲ ಅವನು ತಪ್ಪಿಸಿಕೊಳ್ಳದೆ ಉತ್ತರ ಹೇಳಿದ. ಅವಳಿಗೆ ಒಪ್ಪಿಗೆಯಾಯಿತು, ಸಭೆಗೂ ಅದನ್ನೇ ಹೇಳಿದಳು.

ವ್ಯತ್ಯಾಸ ಏನೆಂದರೆ, ಗಾರ್ಗಿಯನ್ನು ನಾವು ಉಪನಿಷತ್ತಿನ ಒಳಗೇ ನೋಡಬೇಕು, ಹೊರಗಿನ ದಾಖಲೆ ಇಲ್ಲ. ಹೈಪೇಶಿಯಾಗೆ ಅವಳ ಕಾಲದವರ ಕಾಗದಗಳೇ ಇವೆಯಂತೆ. ಆ ಲೆಕ್ಕ ನನಗಿಂತ ತುಮಕೂರಿನವರು ಚೆನ್ನಾಗಿ ಹೇಳುತ್ತಾರೆ.

ಡೇರಿ ಸೆಕ್ರೆಟರಿ, ಚಿಂತಾಮಣಿ ಕಡೆ

ಮೇಡಂ, ಕಾಗದದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಇತಿಹಾಸ ಓದಿದವಳಲ್ಲ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಮದುವೆ ಆಯ್ತು, ಓದು ಅಲ್ಲಿಗೆ ನಿಂತಿತು. ನಮ್ಮೂರಿನ ಮಹಿಳಾ ಹಾಲು ಸಂಘದಲ್ಲಿ ಮೊದಲು ಟೆಸ್ಟರ್ ಆಗಿದ್ದೆ, ಈಗ ಸೆಕ್ರೆಟರಿ. ಹೈಪೇಶಿಯಾ ನನಗೆ ಸಿಕ್ಕಿದ್ದು ಲ್ಯಾಕ್ಟೋಮೀಟರ್ ದೆಸೆಯಿಂದ, ಹಾಲು ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ ಅದು. ಹೊಸದಾಗಿ ಸೇರಿದ ಹುಡುಗಿಗೆ ಡಿಗ್ರಿ ನೋಡೋದು ಹೇಳಿಕೊಡುತ್ತಿದ್ದೆ. "ಅಕ್ಕಾ, ಇದನ್ನ ಮೊದಲು ಯಾರು ಮಾಡಿದ್ದು?" ಅಂದಳು. ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಹಾಲಿನದು ಹುಡುಕಿದರೆ ನೀರಿನದು ಸಿಕ್ಕಿತು. ನೀರಿನದು ಹಿಡಿದು ಹೋದರೆ ಈ ಯಮ್ಮ ಸಿಕ್ಕಿದರು.

ಕಾಗದ ಬರೆದವನು ಸಿನೇಸಿಯಸ್. ಸಿರೀನ್ ಅನ್ನೋ ಊರಿನವನು, ಅದು ಈಗಿನ ಲಿಬಿಯಾದಲ್ಲಿದೆ. ಹೈಪೇಶಿಯಾ ಹತ್ತಿರ ಓದಿ ಊರಿಗೆ ವಾಪಸ್ ಹೋದ ಶಿಷ್ಯ. ನನ್ನ ಗ್ರಹಚಾರ ಎಷ್ಟು ಕೆಟ್ಟಿದೆ ಅಂದರೆ ನನಗೆ ಈಗ ನೀರಿನ ತೂಕ ನೋಡುವ ಸಾಧನ ಬೇಕಾಗಿದೆ, ದಯವಿಟ್ಟು ಹಿತ್ತಾಳೆಯಲ್ಲಿ ಮಾಡಿಸಿ ಕೊಡಿ ಅಂತ ಕೇಳುತ್ತಾನೆ. ಆಮೇಲೆ ಅದು ಹೇಗಿರಬೇಕು ಅಂತ ಬಿಡಿಸಿ ಬಿಡಿಸಿ ಹೇಳುತ್ತಾನೆ. ಒಂದು ಕೊಳವೆ, ಕೊಳಲಿನ ಆಕಾರ, ಕೊಳಲಿನಷ್ಟೇ ಗಾತ್ರ. ಉದ್ದಕ್ಕೂ ನೇರವಾಗಿ ಗೀಟುಗಳು. ಒಂದು ತುದಿಗೆ ಶಂಕುವಿನಾಕಾರದ ಮುಚ್ಚಳ, ಅದೇ ಅದಕ್ಕೆ ಭಾರ. ನೀರಿಗೆ ಬಿಟ್ಟರೆ ನೆಟ್ಟಗೆ ನಿಲ್ಲಬೇಕು. ಎಷ್ಟು ಗೀಟಿನವರೆಗೆ ಮುಳುಗಿದೆ ಅಂತ ಎಣಿಸಿದರೆ ನೀರಿನ ತೂಕ ತಿಳಿಯುತ್ತದೆ.

ನಮ್ಮ ಲ್ಯಾಕ್ಟೋಮೀಟರ್ ಗಾಜಿನದು, ತಳದ ಬುರುಡೆಯಲ್ಲಿ ಭಾರ, ಮೇಲಿನ ಕಡ್ಡಿಯಲ್ಲಿ ಸೊನ್ನೆಯಿಂದ 40ರವರೆಗೆ ಗೀಟು. ಉಳಿದಂತೆ ಆ ಕಾಗದ ನಮ್ಮ ಸ್ಟೋರಿಗೆ ಕೊಡುವ ಇಂಡೆಂಟ್ ಹಾಗೇ ಇದೆ! ಗುರುವಿಗೆ ಬರೆದ ಕಾಗದ ಅಂದರೆ ಆತ್ಮ, ಪರಮಾತ್ಮ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಅಳತೆ ಇದೆ, ಲೋಹ ಇದೆ, ಗೀಟು ಇದೆ.

ನೀರಿನ ತೂಕ ನೋಡುವ ಈ ಸಾಧನಕ್ಕೆ ಹೈಡ್ರೋಮೀಟರ್ ಅನ್ನುತ್ತಾರೆ. ಎಷ್ಟೋ ಕಡೆ ಹೈಪೇಶಿಯಾ ಅದನ್ನು ಕಂಡುಹಿಡಿದಳು ಅಂತ ಬರೆದಿರುತ್ತಾರೆ. ಕಾಗದದಲ್ಲಿ ಹಾಗಿಲ್ಲ. ಅವಳು ಮಾಡಿಸಿ ಕೊಡಬಲ್ಲಳು ಅಂತ ನಂಬಿ ಕೇಳಿದ್ದಾನೆ, ಅಷ್ಟು ಮಾತ್ರ ಇದೆ. ನನಗೆ ಅದೇ ದೊಡ್ಡದಾಗಿ ಕಾಣುತ್ತೆ. ತತ್ವ ಹೇಳುವ ಹೆಂಗಸಿಗೆ ಹಿತ್ತಾಳೆ ಕೆಲಸದವರ ಹತ್ತಿರ ನಿಂತು ಇಲ್ಲಿ ಗೀಟು ಹಾಕು, ಇಲ್ಲಿ ಭಾರ ಇಡು ಅನ್ನೋದು ಗೊತ್ತಿದೆ ಅಂತ ದೂರದ ಶಿಷ್ಯನಿಗೆ ಗ್ಯಾರಂಟಿ ಇತ್ತಲ್ವಾ. ನಾನು ಮೊದಲ ದಿನ ಡಿಗ್ರಿ ನೋಡಿದಾಗ ಹಾಲು ಹಾಕೋಕೆ ಬಂದ ಗಂಡಸೊಬ್ಬರು "ಹೆಂಗಸರಿಗೆ ಹಾಲು ಕರೆಯೋದು ಗೊತ್ತು, ಇದೆಲ್ಲ ಯಾಕಮ್ಮ" ಅಂದಿದ್ದರು. ಅವರ ಹಾಲು 22 ತೋರಿಸುತ್ತಿತ್ತು, ಅಂದರೆ ನೀರು ಸೇರಿದ ಹಾಗೆ, ಅದಕ್ಕೂ ಆ ಮಾತಿಗೂ ಸಂಬಂಧ ಇರಬಹುದು.

ನೀವು ಗಣಿತದವರು, ನಿಮಗೆ ಇದು ಇಷ್ಟ ಆಗುತ್ತೆ. ಆ ಕಾಗದದಲ್ಲಿರುವ ಸಾಧನ ಏನು ಅಂತ ಬಹಳ ಕಾಲ ಓದಿದವರಿಗೆ ಗೊಂದಲ ಇತ್ತು. 17ನೇ ಶತಮಾನದಲ್ಲಿ ಇದು ಹೀಗೆ ಕೆಲಸ ಮಾಡುತ್ತೆ ಅಂತ ವಿವರಿಸಿ ಬರೆದವರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಬ್ಬ. ಹೌದು, ಅದೇ ಫರ್ಮಾ. ಹಳೇ ಗಣಿತಜ್ಞ ಡಯೊಫ್ಯಾಂಟಸನ ಪುಸ್ತಕದ ಅಂಚಿನಲ್ಲಿ ಪ್ರಮೇಯ ಬರೆದು, ಅದರ ರುಜುವಾತಿಗೆ ಜಾಗ ಸಾಲದು ಅಂದನಲ್ಲ, ಅವನೇ. ಹೈಪೇಶಿಯಾ ಟೀಕೆ, ಅಂದರೆ ಅರ್ಥ ಬಿಡಿಸುವ ವಿವರಣೆ, ಬರೆದಳು ಅಂತ ಹೇಳುವ ಪುಸ್ತಕಗಳಲ್ಲಿ ಡಯೊಫ್ಯಾಂಟಸನದೂ ಒಂದು.

ಈಗ ನಿಮ್ಮ ಹುಡುಗಿಯ ಪ್ರಶ್ನೆ. ಡೇರಿ ಲೆಕ್ಕದಲ್ಲಿ ಹೇಳುತ್ತೇನೆ. ಒಳ್ಳೆ ಹಾಲು ಸಾಮಾನ್ಯವಾಗಿ 28ರಿಂದ 32ರ ನಡುವೆ ನಿಲ್ಲುತ್ತೆ. ನೀರು ಸೇರಿದರೆ ಇಳಿಯುತ್ತೆ. ಆದರೆ ಕೆನೆ ತೆಗೆದರೆ ಏರುತ್ತೆ, ಕೊಬ್ಬು ಹಗುರ. ಕೆನೆ ತೆಗೆದು ಆಮೇಲೆ ನೀರು ಹಾಕಿದರೆ? ಮತ್ತೆ 29ಕ್ಕೇ ಬಂದು ನಿಲ್ಲುತ್ತೆ. ಇದನ್ನು ಪತ್ತೆ ಮಾಡಿದ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಲ್ಯಾಕ್ಟೋಮೀಟರ್ ಸುಳ್ಳು ಹೇಳಲಿಲ್ಲ, ನಾವು ಅದಕ್ಕೆ ಅರ್ಧ ಪ್ರಶ್ನೆ ಮಾತ್ರ ಕೇಳಿದ್ದೆವು. ಅದಕ್ಕೇ ಫ್ಯಾಟ್ ಬೇರೆ ನೋಡುತ್ತೇವೆ. ಎರಡೂ ಕೂಡಿ ಬಂದರೆ ಮಾತ್ರ ಬಿಲ್ಲು ಬರೆಯೋದು.

ಹೈಪೇಶಿಯಾಗೂ ಒಬ್ಬರ ಮಾತು ನಂಬಬೇಡಿ. ಅಪ್ಪ ಥಿಯಾನ್, ಟಾಲೆಮಿಯ ಖಗೋಳ ಗ್ರಂಥಕ್ಕೆ ಬರೆದ ಟೀಕೆಯ ಮೂರನೇ ಭಾಗದ ಶುರುವಿನಲ್ಲಿ ಇದನ್ನು ಪರಿಷ್ಕರಿಸಿದ್ದು ನನ್ನ ಮಗಳು, ತತ್ವಜ್ಞಾನಿ ಹೈಪೇಶಿಯಾ ಅಂತ ಬರೆದಿದ್ದಾನೆ. ಅಪ್ಪ ಮಗಳನ್ನು ಹೊಗಳೋದು ಸಹಜ, ಬಿಡಿ. ಶಿಷ್ಯನೂ ಹೊಗಳುತ್ತಾನೆ, ಅದೂ ಸಹಜ. ಆಮೇಲೆ ಕಾನ್‌ಸ್ಟಾಂಟಿನೋಪಲ್‌ನ ಸಾಕ್ರಟೀಸ್ ಅನ್ನುವ ಇತಿಹಾಸಕಾರ, ನಮ್ಮ ಹಳೇ ಸಾಕ್ರಟೀಸ್ ಅಲ್ಲ, ಆ ಕಾಲದ ತತ್ವಜ್ಞಾನಿಗಳನ್ನೆಲ್ಲ ಮೀರಿಸಿದವಳು ಅಂತ ಬರೆದ. ಅವನು ಕ್ರೈಸ್ತ, ಅವಳು ಅಲ್ಲ. ಡಮಾಸ್ಕಿಯಸ್ ಅಂತ ಇನ್ನೊಬ್ಬ, ಅವಳು ಬರೀ ಜ್ಯಾಮಿಟ್ರಿಯವಳು, ನನ್ನ ಗುರು ನಿಜವಾದ ತತ್ವಜ್ಞಾನಿ ಅಂತ ಕೊಂಚ ಇಳಿಸಿಯೇ ಮಾತಾಡುತ್ತಾನೆ. ಅವನೂ ಅವಳು ತತ್ವಜ್ಞಾನಿಯ ಮೇಲುಹೊದಿಕೆ ಹೊದ್ದು ಊರ ನಡುವೆ ಹೋಗಿ, ಕೇಳಬಂದವರಿಗೆಲ್ಲ ಪ್ಲೇಟೋ, ಅರಿಸ್ಟಾಟಲ್ ವಿವರಿಸುತ್ತಿದ್ದಳು ಅನ್ನುತ್ತಾನೆ. ಕೊನೆಗೆ 7ನೇ ಶತಮಾನದ ಜಾನ್ ಅನ್ನುವ ಈಜಿಪ್ಟಿನ ಬಿಷಪ್. ಅವನಿಗೆ ಅವಳನ್ನು ಕಂಡರೆ ಆಗದು. ಮಾಟಗಾತಿ ಅನ್ನುತ್ತಾನೆ, ಯಾವಾಗಲೂ ಆಸ್ಟ್ರೋಲೇಬ್ ಹಿಡಿದಿರುತ್ತಿದ್ದಳು ಅಂತ ದೂರುತ್ತಾನೆ. ಆಸ್ಟ್ರೋಲೇಬ್ ಅಂದರೆ ನಕ್ಷತ್ರ ಅಳೆಯುವ ಸಾಧನ.

ಬೇಕಾದವರು, ಬೇಡದವರು, ಅಸೂಯೆಯವರು ಎಲ್ಲರದೂ ಒಂದೇ ಕಡೆ ನಿಲ್ಲುತ್ತೆ. ನಾನಾದರೆ ಈ ಬಿಲ್ಲಿಗೆ ಸಹಿ ಹಾಕುತ್ತೇನೆ.

ಗಣಿತ ಮೇಡಂ, ಗೌರಿಬಿದನೂರು ತಾಲ್ಲೂಕು

ಅಕ್ಕಾ, ನೀವು ನಿಲ್ಲಿಸಿದ ಡಿಗ್ರಿ ಮುಗಿಸಿ ದಯವಿಟ್ಟು. ನಮ್ಮಲ್ಲಿ ವಿಜ್ಞಾನ ಟೀಚರ್ ಪೋಸ್ಟು ಖಾಲಿ ಇದೆ.

ಥರ್ಮೋಕೋಲ್ ಕೆಲಸ ನಿಲ್ಲಿಸಿದ್ದೇನೆ. ಮೇಷ್ಟ್ರು ಮೊದಲ ಎರಡು ಪದಕ್ಕೆ ಗ್ಲಿಟರ್ ಹಾಕಿಬಿಟ್ಟಿದ್ದರು, ಮುಖ ಊದಿಸಿಕೊಂಡಿದ್ದಾರೆ. ಅದರ ಜಾಗದಲ್ಲಿ ಸಿನೇಸಿಯಸ್ ಹೇಳಿದ ಕೊಳವೆಯ ಚಿತ್ರ ಬರೆಸುತ್ತೇನೆ. ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಶಂಕುಗಳ ಬಗ್ಗೆ ಬರೆದ ಪುಸ್ತಕಕ್ಕೂ ಅವಳು ಟೀಕೆ ಬರೆದಳು ಅಂತ ಓದಿದೆ. ಅದಕ್ಕೆ ಒಂದು ಕ್ಯಾರೆಟ್ ಸಾಕು, ಅಡ್ಡ ಕೊಯ್ದರೆ ವೃತ್ತ, ಓರೆಯಾಗಿ ಕೊಯ್ದರೆ ದೀರ್ಘವೃತ್ತ.

ಉಳಿದಿರೋದು ಕೊಲೆ. ಹೇಳದೆ ಬಿಟ್ಟರೆ ಮುಚ್ಚಿಟ್ಟ ಹಾಗೆ. ಹೇಳಿದರೆ ಹೇಗೆ ಹೇಳೋದು?

ಹಳೇ ಪುಸ್ತಕದ ಹುಳ, ತುಮಕೂರು

ಇದ್ದದ್ದನ್ನು ಇದ್ದ ಹಾಗೆ ಹೇಳಿ ಮೇಡಂ. ಚರ್ಚು ಒಂದು ಕಡೆ, ವಿಜ್ಞಾನ ಒಂದು ಕಡೆ ಅಂತ ಗೆರೆ ಎಳೆಯಬೇಡಿ. ಆ ಗೆರೆ ನಿಲ್ಲುವುದಿಲ್ಲ.

ಆಗ ಈಜಿಪ್ಟಿನ ಗವರ್ನರ್ ಒರೆಸ್ಟಿಸ್. ಊರಿನ ಬಿಷಪ್ ಸಿರಿಲ್, 412ರಲ್ಲಿ ಬಂದವನು. ಇಬ್ಬರಿಗೂ ಊರಲ್ಲಿ ಯಾರ ಮಾತು ನಡೆಯಬೇಕು ಅಂತ ಜಗಳ. ಇಬ್ಬರೂ ಕ್ರೈಸ್ತರೇ. ಒರೆಸ್ಟಿಸ್ ಆಗಾಗ ಹೈಪೇಶಿಯಾ ಹತ್ತಿರ ಹೋಗಿ ಮಾತಾಡುತ್ತಿದ್ದ. ಇವಳಿಂದಲೇ ಇಬ್ಬರಿಗೂ ರಾಜಿ ಆಗುತ್ತಿಲ್ಲ ಅಂತ ಪುಕಾರು ಎದ್ದಿತು. 415ರ ಮಾರ್ಚಿನಲ್ಲಿ, ಉಪವಾಸದ ದಿನಗಳಲ್ಲಿ, ಪೀಟರ್ ಅನ್ನುವವನು ಮುಂದೆ ನಿಂತ ಗುಂಪು ಅವಳನ್ನು ಗಾಡಿಯಿಂದ ಎಳೆದು, ಚರ್ಚಿಗೆ ಒಯ್ದು, ಹೆಂಚಿನ ಚೂರುಗಳಿಂದ ಕೊಂದಿತು. ಸಿರಿಲ್ ಪಾತ್ರ ಎಷ್ಟು ಅನ್ನುವುದರ ಬಗ್ಗೆ ಇವತ್ತಿಗೂ ವಾದ ಇದೆ. ಆದರೆ ಈ ಕೊಲೆಯನ್ನು ಮೊದಲು ವಿವರವಾಗಿ ಬರೆದವನು ಅದೇ ಕ್ರೈಸ್ತ ಸಾಕ್ರಟೀಸ್. ಕ್ರೈಸ್ತರಾದವರಿಗೆ ಇಂಥ ಕೊಲೆ, ಹೊಡೆದಾಟ ಸಲ್ಲದು ಅಂತ ಸಿಟ್ಟಿನಲ್ಲೇ ಬರೆದ. ಡೇರಿ ಅಕ್ಕ ಹೇಳಿದ ಶಿಷ್ಯ ಸಿನೇಸಿಯಸ್ ಕೂಡ ಕೊನೆಗೆ ಬಿಷಪ್ ಆದ. ಕಾಯಿಲೆ ಬಿದ್ದು ಹಾಸಿಗೆಯಿಂದ ಬರೆಸಿದ ಕಾಗದದಲ್ಲೂ ಅವಳನ್ನು ತಾಯಿ, ಸೋದರಿ, ಗುರು ಅಂತ ಕರೆದಿದ್ದಾನೆ. ನಿಮ್ಮ ಕ್ಲಾಸಿನ ಕ್ರೈಸ್ತ ಮಕ್ಕಳಿಗೆ ಈ ಇಬ್ಬರನ್ನೂ ತೋರಿಸಿ, ತಲೆ ತಗ್ಗಿಸುವ ಅಗತ್ಯ ಇರಲ್ಲ.

ಆಸ್ಟ್ರೋಲೇಬ್ ಹಿಡಿದ ಹೆಂಗಸು ಮಾಟಗಾತಿ ಅನ್ನುವ ಮಾತಿನ ಮೇಲೆ ಮಾತ್ರ ಒಂದು ನಿಮಿಷ ಜಾಸ್ತಿ ನಿಲ್ಲಿ. ಅಮಾನವೀಯ ಆಚರಣೆ, ಮಾಟಮಂತ್ರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಬೇಕಾಯಿತು. ನಿಮ್ಮ ತಾಲ್ಲೂಕಿನ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿ ಮಾಡಿದ್ದು 1976ರಲ್ಲಿ. ಮಕ್ಕಳಿಗೆ ಅಲೆಕ್ಸಾಂಡ್ರಿಯಾ ದೂರ, ಹೊಸೂರು ಹತ್ತಿರ.

ಮುಳಬಾಗಿಲಿನ ನಿವೃತ್ತ ಮೇಷ್ಟ್ರು

ಕೊಲೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಅವಳು ಕಲಿಸಿದ್ದು ದಶಕಗಟ್ಟಲೆ, ಗುಂಪು ತಗೊಂಡದ್ದು ಒಂದು ದಿನ. ನಮ್ಮ ಭಾಷಣಗಳಲ್ಲಿ ಯಾವಾಗಲೂ ಈ ಲೆಕ್ಕ ತಿರುಗುಮುರುಗು.

ಗ್ಯಾಲರಿ ಹುಡುಗ, ಶಿರಾ

ಪರೀಕ್ಷೆಗೆ ಬರಲ್ಲ ಅಂದಿದ್ದಕ್ಕೆ ಪೂರ್ತಿ ಓದಿದೆ. ಆ ಲ್ಯಾಕ್ಟೋಮೀಟರ್ ಉಪ್ಪು ನೀರಲ್ಲಿ ಬಿಟ್ಟರೆ ಏನಾಗುತ್ತೆ?

ಡೇರಿ ಸೆಕ್ರೆಟರಿ, ಚಿಂತಾಮಣಿ ಕಡೆ

ಭಲೇ. ಮೇಡಂ, ಈ ಹುಡುಗ ಕೇಳಿದ್ದನ್ನೇ ನಿಮ್ಮ ಸ್ಟೇಜ್ ಮೇಲೆ ಮಾಡಿ. ಬರೀ ನೀರಿನಲ್ಲಿ ಸೊನ್ನೆ ಹತ್ತಿರ ನಿಲ್ಲುತ್ತೆ. ಒಂದು ಲೀಟರ್ ನೀರಿಗೆ 40 ಗ್ರಾಂ ಉಪ್ಪು ಕರಗಿಸಿ ಬಿಡಿ, 27-28ರ ಹತ್ತಿರ ಬರುತ್ತೆ. ಅಂದರೆ ಲ್ಯಾಕ್ಟೋಮೀಟರ್ ಪಾಲಿಗೆ ಅದು ಹಾಲೇ! ಬಣ್ಣ ನೋಡದೆ ಗೀಟು ಮಾತ್ರ ಓದಿ ಹೇಳು ಅಂತ ಒಬ್ಬಳಿಗೆ ಕಣ್ಣಿಗೆ ಬಟ್ಟೆ ಕಟ್ಟಿ... ಅಯ್ಯೋ, ಬಟ್ಟೆ ಕಟ್ಟಿದರೆ ಗೀಟು ಕಾಣಲ್ಲ. ಪಾತ್ರೆಗೆ ಪೇಪರ್ ಸುತ್ತಿ. ತೋರಿಸಿದ ಮೇಲೆ, ಇದು ಹಾಲು ಹೌದೋ ಅಲ್ಲವೋ ಅಂತ ತಿಳಿಯೋಕೆ ಇನ್ನೇನು ಕೇಳಬೇಕು ಅಂತ ಅವರನ್ನೇ ಕೇಳಿ.

ಲೋಟದಲ್ಲಿ ಆಗಲ್ಲ, ಬುರುಡೆ ತಳಕ್ಕೆ ತಗುಲುತ್ತೆ. ಎತ್ತರದ ಜಾರ್ ಬೇಕು. ಕಣ್ಣು ನೀರಿನ ಮಟ್ಟಕ್ಕೆ ಇರಲಿ, ಮೇಲಿಂದ ಬಗ್ಗಿ ನೋಡಿದರೆ ತಪ್ಪು ಓದುತ್ತಾರೆ. ಮಕ್ಕಳೇ ಮಾಡಬೇಕು ಅಂದರೆ ಜ್ಯೂಸ್ ಕುಡಿಯುವ ಸ್ಟ್ರಾ ತಗೊಳ್ಳಿ. ಒಂದು ತುದಿಯನ್ನು ಮೇಣದಿಂದ ಮುಚ್ಚಿ, ಒಳಗೆ ಎರಡು ಮೂರು ಸಣ್ಣ ಮೊಳೆ ಹಾಕಿ, ನೆಟ್ಟಗೆ ನಿಲ್ಲುವವರೆಗೆ ಹೆಚ್ಚು ಕಮ್ಮಿ ಮಾಡಿ. ಪೆನ್ನಿನಲ್ಲಿ ಗೀಟು ಹಾಕಿ. ಸಿನೇಸಿಯಸ್ ಕೇಳಿದ್ದು ಹೆಚ್ಚು ಕಡಿಮೆ ಇದೇ, ಅವನಿಗೆ ಹಿತ್ತಾಳೆ ಬೇಕಿತ್ತು ಅಷ್ಟೇ.

ನಮ್ಮ ಸಂಘದಲ್ಲಿ ಹಳೇ ಲ್ಯಾಕ್ಟೋಮೀಟರ್ ಒಂದಿದೆ, ಹತ್ತಿ ಸುತ್ತಿ ಕೊಟ್ಟು ಕಳಿಸುತ್ತೇನೆ. ಹಾಲು ಮಾತ್ರ ಆಗ ತಾನೇ ಕರೆದದ್ದು ತರಬೇಡಿ. ಬಿಸಿ ಇರುತ್ತೆ, ನೊರೆ ಇರುತ್ತೆ, ಡಿಗ್ರಿ ಇಳಿಸಿ ತೋರಿಸುತ್ತೆ. ಹಾಲು ಕೊಟ್ಟ ಪುಣ್ಯಾತ್ಮನನ್ನು ಊರೆಲ್ಲ ಕಳ್ಳ ಅಂದುಬಿಡುತ್ತಾರೆ.